ಎರಡು ಬೀಗಗಳೊಳಗೆ ಒಂದೇ ಅವಿಭಾಜ್ಯ

ಇಪ್ಪತ್ತೆಂಟು ವರ್ಷ ನಾನು ಸಂಬಳ ಪಡೆದದ್ದು ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಿ ಕೊಡುವುದಕ್ಕೆ. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ‘ವಿಮಲಕ್ಕ ಕಂಪ್ಯೂಟರ್ ಕಂಪನಿಯಲ್ಲಿದ್ದರು’ ಎಂದು ಪರಿಚಯ ಮಾಡಿಸುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ಆದರೆ ನಮ್ಮ ಹಳೆಯ ಆಫೀಸಿಗೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. ಇಡೀ ದಿನ ಸಂಖ್ಯೆಗಳ ಜೊತೆ ಕೂತು ಬೇಜಾರಾಗುತ್ತಿರಲಿಲ್ಲವೇ ಎಂದು ಕೇಳುತ್ತಾರೆ. ಬೇಜಾರಾಗುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು. ಆ ಹೆದರಿಕೆ ಎಂಥದು ಎಂದು ಫೋನಿನಲ್ಲಿ ಹೇಳಿ ಮುಗಿಸಲಾಗದೆ ಈಗ ಬರೆಯಲು ಕೂತಿದ್ದೇನೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ. ಏಳು, ಹನ್ನೊಂದು, ಹದಿಮೂರು. ಶಾಲೆಯಲ್ಲಿ ಎಲ್ಲರೂ ಕಲಿತು ಮರೆತಿರುತ್ತಾರೆ. ನಮಗೆ ಬೇಕಾಗುತ್ತಿದ್ದವು ಮುನ್ನೂರು ಅಂಕಿಗಳಷ್ಟು ಉದ್ದದವು. ಅಂಥ ಎರಡನ್ನು ಗುಣಿಸಿದರೆ ಆರುನೂರು ಅಂಕಿಗಳ ಒಂದು ಸಂಖ್ಯೆ ಬರುತ್ತದೆ. ಗುಣಿಸಲು ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆದರೆ ಆ ಗುಣಲಬ್ಧವನ್ನು ಮಾತ್ರ ಕೈಗೆ ಕೊಟ್ಟು, ಯಾವ ಎರಡನ್ನು ಗುಣಿಸಿದ್ದು ಹೇಳು ಎಂದರೆ, ಲೋಕದ ಕಂಪ್ಯೂಟರುಗಳನ್ನೆಲ್ಲ ಸೇರಿಸಿ ಕೂರಿಸಿದರೂ ನಮ್ಮ ಆಯುಷ್ಯದಲ್ಲಿ ಆಗುವ ಮಾತಲ್ಲ. ಹಾಗಾಗಿ ಗುಣಲಬ್ಧವೇ ಬೀಗ. ಅದನ್ನು ಯಾರು ಬೇಕಾದರೂ ನೋಡಬಹುದು. ಒಳಗಿರುವ ಎರಡು ಅವಿಭಾಜ್ಯಗಳೇ ಕೀಲಿಕೈ. ಅವನ್ನು ಯಾರೂ ನೋಡಬಾರದು. ಘನ್ಸೋಲಿಯಲ್ಲಿದ್ದ ನಮ್ಮ ಕಂಪನಿ ಕಾರ್ಖಾನೆಗಳಿಗೆ, ಆಫೀಸುಗಳಿಗೆ ಇಂಥ ಬೀಗಗಳನ್ನು ಮಾಡಿಕೊಡುತ್ತಿತ್ತು. ಪ್ರತಿ ಬೀಗದ ಒಳಗಿನ ಸಂಖ್ಯೆಗಳು ಸರಿಯಾಗಿವೆ ಎಂದು ಪರೀಕ್ಷಿಸಿ ಸಹಿ ಹಾಕುವವಳು ನಾನು.

ನನ್ನನ್ನು ಕೆಲಸಕ್ಕೆ ಆರಿಸಿದವರು ಗೋಖಲೆ ಸರ್. ಠಾಣೆಯವರು, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಒಂದೇ ಪೆನ್ಸಿಲ್. ನನ್ನ ಜೊತೆ ಮರಾಠಿಯಲ್ಲೇ ಮಾತಾಡುತ್ತಿದ್ದರು. ಸೇರಿದ ಮೊದಲ ವಾರ ಅವರು ಕೊಟ್ಟ ಕೆಲಸ, ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಹೇಳುವ ಪ್ರೋಗ್ರಾಂ ಬರೆಯುವುದು. ದೊಡ್ಡ ಸಂಖ್ಯೆಯನ್ನು ಎರಡರಿಂದ, ಮೂರರಿಂದ, ಐದರಿಂದ ಎಂದು ಭಾಗಿಸುತ್ತ ಹೋದರೆ ಯುಗಯುಗ ಕಳೆಯುತ್ತದೆ. ಅದಕ್ಕೆ ಒಂದು ಅಡ್ಡದಾರಿ ಇದೆ. ಸಂಖ್ಯೆಗೆ ಒಂದು ಪ್ರಶ್ನೆ ಕೇಳುವುದು. ಅವಿಭಾಜ್ಯವಾಗಿದ್ದರೆ ಅದು ಇಂಥದೇ ಉತ್ತರ ಕೊಡಲೇಬೇಕು. ಬೇರೆ ಉತ್ತರ ಕೊಟ್ಟರೆ ಅದು ಅವಿಭಾಜ್ಯವಲ್ಲ ಎಂದು ಖಾತ್ರಿ. ನಾನು ಎಂ.ಎಸ್ಸಿ.ಯಲ್ಲಿ ಕಲಿತದ್ದನ್ನೆಲ್ಲ ಸುರಿದು ಪ್ರೋಗ್ರಾಂ ಬರೆದೆ. ಮೂರು ಬೇರೆ ಬೇರೆ ಪ್ರಶ್ನೆ ಕೇಳುವಂತೆ ಮಾಡಿದೆ. ಗೋಖಲೆ ಸರ್ ಬಂದು ನನ್ನ ಹಿಂದೆ ನಿಂತರು. ಕೋಣೆಯಲ್ಲಿ ಇನ್ನೂ ಮೂವರಿದ್ದರು.

“ಐನೂರ ಅರವತ್ತೊಂದು ಹಾಕಿ” ಎಂದರು.

ಹಾಕಿದೆ. ಮೂರು ಪ್ರಶ್ನೆಗೂ ಸರಿಯುತ್ತರ ಬಂತು. ‘ಅವಿಭಾಜ್ಯ’ ಎಂದು ಪರದೆಯ ಮೇಲೆ ಮೂಡಿತು. ನಾನು ಹೆಮ್ಮೆಯಿಂದ ತಿರುಗಿ ನೋಡಿದೆ.

“ಈಗ ಅದರ ಅಂಕಿಗಳನ್ನು ಕೂಡಿಸಿ. ಐದು, ಆರು, ಒಂದು.”

ಹನ್ನೆರಡು. ಅಂಕಿಗಳ ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಮೂರರಿಂದ ಭಾಗವಾಗುತ್ತದೆ, ಐದನೇ ಕ್ಲಾಸಿನ ಲೆಕ್ಕ. ಐನೂರ ಅರವತ್ತೊಂದು ಎಂದರೆ ಮೂರು, ಹನ್ನೊಂದು, ಹದಿನೇಳರ ಗುಣಲಬ್ಧ. ನನ್ನ ಕಿವಿ ಬಿಸಿಯಾಯಿತು.

ಗೋಖಲೆ ಸರ್ ನಗಲಿಲ್ಲ. “ಕೆಲವು ಸಂಖ್ಯೆಗಳು ಹುಟ್ಟಾ ಸುಳ್ಳುಸಾಕ್ಷಿಗಳು. ಈ ಪ್ರಶ್ನೆ ಕೇಳಿದರೆ ಹೀಗೇ ಹೇಳುತ್ತವೆ. ನಾವು ಏನು ಕೇಳಿದೆವೋ ಅದಕ್ಕಷ್ಟೇ ಉತ್ತರ ಸಿಕ್ಕಿದೆ ಅಂತ ತಿಳಿಯಬೇಕು. ಕೇಳದೆ ಇದ್ದದ್ದಕ್ಕೆ ಅಲ್ಲ” ಎಂದರು. ಆ ಮಾತನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಬರೆದಿಟ್ಟುಕೊಂಡದ್ದು ಬುದ್ಧಿಗೆ ಇಳಿದಿರಲಿಲ್ಲ ಎಂದು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು.

ಆಮೇಲೆ ಇನ್ನೂ ಕಠಿಣವಾದ ಪರೀಕ್ಷೆಗೆ ಬಂದೆವು. ಅದರಲ್ಲಿ ಸುಳ್ಳುಸಾಕ್ಷಿಗಳು ಅಷ್ಟು ಸುಲಭವಾಗಿ ಪಾರಾಗುವುದಿಲ್ಲ. ಒಂದು ಸಲ ಪರೀಕ್ಷಿಸಿದರೆ ಮೋಸ ಹೋಗುವ ಸಂಭವ ಹೆಚ್ಚೆಂದರೆ ನಾಲ್ಕರಲ್ಲಿ ಒಂದು, ಎರಡು ಸಲಕ್ಕೆ ಹದಿನಾರರಲ್ಲಿ ಒಂದು. ನಾವು ಪ್ರತಿ ಸಂಖ್ಯೆಯನ್ನು ನಲವತ್ತು ಸಲ ಪರೀಕ್ಷಿಸುತ್ತಿದ್ದೆವು. ಅಷ್ಟಾದರೂ ಕಾಗದದ ಮೇಲೆ ಬರೆಯಬೇಕಾದದ್ದು ‘ಬಹುಶಃ ಅವಿಭಾಜ್ಯ’ ಎಂದೇ. ನಮ್ಮ ಯಜಮಾನರದು ಸ್ಟೇಷನ್ ಹತ್ತಿರ ಉಡುಪಿ ಹೋಟೆಲು. ಅವರಿಗೆ ಈ ‘ಬಹುಶಃ’ ಎಂದೂ ಜೀರ್ಣವಾಗಲಿಲ್ಲ.

“ಬಹುಶಃ ಅಂದ್ರೆ ಎಂಥದು ಮಾರಾಯ್ತಿ? ಇಡ್ಲಿ ಬಹುಶಃ ಬೆಂದಿದೆ ಅಂತ ಗಿರಾಕಿಗೆ ಬಡಿಸ್ಲಿಕ್ಕೆ ಆಗ್ತದಾ?”

“ನಾವು ಒಂದೊಂದು ಇಡ್ಲಿಗೂ ನಲವತ್ತು ಸಲ ಕಡ್ಡಿ ಚುಚ್ಚಿ ನೋಡ್ತೇವೆ.”

“ನಲವತ್ತು ಸಲ ಚುಚ್ಚಿದ್ರೆ ಇಡ್ಲಿ ಉಳೀತದಾ?”

ನಗುತ್ತಿದ್ದೆವು. ಆದರೆ ಆ ‘ಬಹುಶಃ’ ನನ್ನನ್ನು ಒಳಗಿಂದ ತಿನ್ನುತ್ತಿತ್ತು. ಒಮ್ಮೆ ಸಂಜೆ ಘನ್ಸೋಲಿಯಿಂದ ಠಾಣೆಗೆ ಬಂದು ಡೊಂಬಿವಲಿಯ ಲೋಕಲ್ ಹಿಡಿಯಲು ಪ್ಲಾಟ್‌ಫಾರಂ ಬದಲಿಸುತ್ತಿದ್ದೆ. ಸೇತುವೆಯ ಮೆಟ್ಟಿಲಿನ ಮೇಲೆ ಇದ್ದಕ್ಕಿದ್ದಂತೆ ಕಾಲು ನಿಂತಿತು. ಆ ದಿನದ ಸಂಖ್ಯೆಗಳನ್ನು ನಲವತ್ತು ಸಲ ಪರೀಕ್ಷಿಸಿದೆನೋ, ಹದಿನಾಲ್ಕು ಸಲವೋ? ನಾಲ್ಕು ಮತ್ತು ಸೊನ್ನೆ ಒತ್ತಿದ ಬೆರಳಿನ ನೆನಪೇ ಇಲ್ಲ. ಹಿಂದಿನವರು ತಳ್ಳುತ್ತಿದ್ದರು, ಬೈಯುತ್ತಿದ್ದರು. ನಾನು ಆ ಜನಸಾಗರಕ್ಕೆ ಎದುರಾಗಿ ಇಳಿದು, ಮತ್ತೆ ಘನ್ಸೋಲಿಗೆ ಹೋಗಿ, ವಾಚ್‌ಮನ್ ಕೈಯಲ್ಲಿ ಬಾಗಿಲು ತೆಗೆಸಿ ನೋಡಿದೆ. ನಲವತ್ತೇ ಇತ್ತು. ಇಂಥದ್ದು ಒಂದು ಸಲ ಆಗಿದ್ದರೆ ಹೇಳುತ್ತಿರಲಿಲ್ಲ.

ಆ ಕಾಲದಲ್ಲಿ ಸಂಖ್ಯೆ ಹುಟ್ಟುತ್ತಿದ್ದ ರೀತಿಯನ್ನೂ ಹೇಳಬೇಕು. ಅವಿಭಾಜ್ಯವಾಗಿದ್ದರೆ ಮಾತ್ರ ಸಾಲದು, ಯಾರೂ ಊಹಿಸಲಾಗದಂತೆ ಆರಿಸಿದ್ದೂ ಆಗಿರಬೇಕು. ಮುನ್ನೂರು ಅಂಕಿಯ ಸಂಖ್ಯೆಗಳಲ್ಲಿ ಸರಾಸರಿ ಏಳುನೂರಕ್ಕೆ ಒಂದರಂತೆ ಅವಿಭಾಜ್ಯ ಸಿಗುತ್ತದೆ. ಅವುಗಳ ಒಟ್ಟು ಸಂಖ್ಯೆಯನ್ನು ಮನಸ್ಸು ಹಿಡಿಯಲಾರದು, ಲೋಕದ ಪ್ರತಿ ಮನುಷ್ಯನಿಗೂ ದಿನಕ್ಕೆ ಕೋಟಿಯಂತೆ ಹಂಚಿದರೂ ಮುಗಿಯುವುದಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬುದನ್ನು ಅದೃಷ್ಟಕ್ಕೆ ಬಿಟ್ಟರೆ, ಒಂದೇ ಸಂಖ್ಯೆ ಎರಡು ಸಲ ಸಿಗುವುದು ಅಸಾಧ್ಯವೆಂದೇ ಲೆಕ್ಕ. ಆ ಅದೃಷ್ಟಕ್ಕಾಗಿ ಗೋಖಲೆ ಸರ್ ನಮ್ಮಲ್ಲಿ ಇಬ್ಬರನ್ನು ಬೀಗ ಹಾಕಿದ ಕೋಣೆಯಲ್ಲಿ ಕೂರಿಸಿ, ಐದು ನಿಮಿಷ ಕಂಪ್ಯೂಟರಿನ ಮೌಸನ್ನು ಮನಸ್ಸಿಗೆ ಬಂದಂತೆ ಆಡಿಸಲು ಹೇಳುತ್ತಿದ್ದರು. ಕೈಯ ಆ ಗೊತ್ತುಗುರಿಯಿಲ್ಲದ ಓಡಾಟವೇ ಹುಡುಕಾಟದ ಆರಂಭಬಿಂದು. ಫೋನು ಹೊರಗೆ, ಸಾಕ್ಷಿಗೆ ಒಬ್ಬರು ಬಾಗಿಲಲ್ಲಿ. ನೋಡಿದವರಿಗೆ ಹುಚ್ಚರಂತೆ ಕಾಣುತ್ತಿದ್ದೆವು.

ಗೋಖಲೆ ಸರ್ ನಿವೃತ್ತರಾದ ಮೇಲೆ ಸಮೀರ್ ಸರ್ ಬಂದರು. ಚುರುಕಾದ ಮನುಷ್ಯ, ಕೆಟ್ಟವರಲ್ಲ. ಅವರು ತಂದ ಹೊಸ ಸಾಮಾನು ಒಂದು ಅನಿಲ ಪೆಟ್ಟಿಗೆ. ಊಟದ ಡಬ್ಬಿಯಷ್ಟು ದೊಡ್ಡದು. ರಾಸಾಯನಿಕ ಕಾರ್ಖಾನೆಯ ಗೋಡೆಗೆ ತಗುಲಿಹಾಕಿದರೆ, ವಿಷಾನಿಲ ಸೋರುತ್ತಿದೆಯೇ ಎಂದು ಮೂಸಿ ನೋಡಿ, ನಿಮಿಷ ನಿಮಿಷಕ್ಕೂ ಕಂಟ್ರೋಲ್ ರೂಮಿಗೆ ವರದಿ ಕಳಿಸುತ್ತದೆ. ಸೋರಿದರೆ ಅಲ್ಲಿಂದ ವಾಲ್ವ್ ಮುಚ್ಚುತ್ತಾರೆ, ಸೈರನ್ ಕೂಗಿಸುತ್ತಾರೆ. ವರದಿ ನಿಜವಾಗಿ ಆ ಪೆಟ್ಟಿಗೆಯದೇ ಎಂದು ಖಾತ್ರಿಪಡಿಸುವುದು ಅದರೊಳಗಿನ ನಮ್ಮ ಕೀಲಿಕೈ. ಈ ಕೀಲಿಕೈಯನ್ನು ನಾವು ಮಾಡಿ ತುಂಬಬೇಕಾಗಿರಲಿಲ್ಲ. ಪೆಟ್ಟಿಗೆಗೆ ಮೊದಲ ಸಲ ಕರೆಂಟು ಕೊಟ್ಟಾಗ ಅದೇ ತನ್ನ ಎರಡು ಅವಿಭಾಜ್ಯಗಳನ್ನು ಹುಡುಕಿಕೊಳ್ಳುತ್ತಿತ್ತು. “ಮನುಷ್ಯರ ಕೈಯೇ ಸೋಕುವುದಿಲ್ಲ. ಇದಕ್ಕಿಂತ ಭದ್ರ ಏನಿದೆ?” ಎಂದರು ಸಮೀರ್ ಸರ್. ನನಗೂ ಹಾಗೇ ಅನ್ನಿಸಿತು. ಮೌಸ್ ಆಡಿಸುವ ಹುಚ್ಚು ತಪ್ಪಿತಲ್ಲ ಎಂದು ಸಮಾಧಾನವೂ ಆಯಿತು.

ಮೊದಲ ಕಂತಿನಲ್ಲಿ ನಲವತ್ತೊಂದು ಪೆಟ್ಟಿಗೆಗಳು. ಸಂಖ್ಯೆಗಳನ್ನು ಪರೀಕ್ಷಿಸುವ ಪ್ರೋಗ್ರಾಂ ನಾನೇ ಬರೆದು ಪ್ರತಿ ಪೆಟ್ಟಿಗೆಯೊಳಗೂ ಓಡಿಸಿದೆ. ಎಂಬತ್ತೆರಡು ಅವಿಭಾಜ್ಯಗಳು, ಒಂದೊಂದಕ್ಕೂ ನಲವತ್ತು ಪರೀಕ್ಷೆ. ಪೆಟ್ಟಿಗೆಯು ತನ್ನ ಸಂಖ್ಯೆಯನ್ನು ಹೊರಗೆ ತೋರಿಸುವಂತಿಲ್ಲವಾದ್ದರಿಂದ ಫಲಿತಾಂಶ ಮಾತ್ರ ಹೊರಬರುತ್ತಿತ್ತು: ಪಾಸು, ಪಾಸು, ಪಾಸು. ಸಹಿ ಹಾಕಿದೆ. ಪೆಟ್ಟಿಗೆಗಳು ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಗೆ, ಕಲ್ಯಾಣದ ಕಡೆಗೆ, ನವಿ ಮುಂಬಯಿಯ ಕಾರ್ಖಾನೆಗಳಿಗೆ ಹೋದವು.

ಹದಿನೆಂಟು ತಿಂಗಳು ಕಳೆದ ಮೇಲಿನ ಮಾತು. ನಸೀಮಾ ಎಂಬವಳು ನಮ್ಮಲ್ಲಿ ಟೆಸ್ಟಿಂಗ್ ಎಂಜಿನಿಯರ್. ಮುಂಬ್ರಾದಿಂದ ಬರುತ್ತಿದ್ದಳು. ಅವಳ ತಾಯಿಯ ತವರು ಹುಬ್ಬಳ್ಳಿ. ಶಾಲೆಯ ರಜೆಗಳನ್ನೆಲ್ಲ ಅಲ್ಲಿ ಕಳೆದವಳಾದ್ದರಿಂದ ನನ್ನ ಜೊತೆ ಹುಬ್ಬಳ್ಳಿಯ ಕನ್ನಡವನ್ನೇ ಆಡುತ್ತಿದ್ದಳು. ಅವಳದು ವರ್ಷ ವರ್ಷ ನವೀಕರಿಸುವ ಕಾಂಟ್ರಾಕ್ಟ್ ಕೆಲಸ, ಮನೆಯಲ್ಲಿ ಮೂರು ವರ್ಷದ ಮಗಳು. ಆ ದಿನ ಅವಳು ಎಲ್ಲ ಪೆಟ್ಟಿಗೆಗಳ ಬೀಗಗಳನ್ನು, ಎಂದರೆ ಎಲ್ಲರಿಗೂ ಕಾಣುವ ಆ ಆರುನೂರು ಅಂಕಿಯ ಗುಣಲಬ್ಧಗಳನ್ನು, ಒಂದು ಪಟ್ಟಿ ಮಾಡುತ್ತಿದ್ದಳು.

“ಮ್ಯಾಡಮ್, ಸ್ವಲ್ಪ ಇಲ್ಲೆ ಬರ್ರಿ” ಎಂದು ಕರೆದಳು. ದನಿ ಸಣ್ಣಗಿತ್ತು. “ಸುಮ್ಮನ ನೋಡೂಣಂತ ಎರಡು ಬೀಗ ತಗೊಂಡು ಮ.ಸಾ.ಅ. ತಗದ್ನಿರಿ. ಒಂದು ಬರಬೇಕಿತ್ತು. ಬರವಲ್ದು.”

ಮ.ಸಾ.ಅ. ಎಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಎರಡು ಸಂಖ್ಯೆಗಳನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಎಪ್ಪತ್ತೇಳು ಮತ್ತು ತೊಂಬತ್ತೊಂದು ತೆಗೆದುಕೊಳ್ಳಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಶೇಷ ಹದಿನಾಲ್ಕು. ಎಪ್ಪತ್ತೇಳನ್ನು ಹದಿನಾಲ್ಕರಿಂದ ಭಾಗಿಸಿದರೆ ಶೇಷ ಏಳು. ಹದಿನಾಲ್ಕನ್ನು ಏಳರಿಂದ ಭಾಗಿಸಿದರೆ ಶೇಷ ಸೊನ್ನೆ. ಏಳು ಎಂಬುದು ಎರಡರೊಳಗೂ ಇದೆ ಎಂದಾಯಿತು. ಎಪ್ಪತ್ತೇಳು ಏಳು ಹನ್ನೊಂದಲೆ, ತೊಂಬತ್ತೊಂದು ಏಳು ಹದಿಮೂರಲೆ. ಗಮನಿಸಿ, ಯಾವುದನ್ನೂ ‘ಒಡೆಯಲು’ ನಾವು ಪ್ರಯತ್ನಿಸಲೇ ಇಲ್ಲ. ಭಾಗಾಕಾರ ಮಾಡಿದೆವು ಅಷ್ಟೇ. ಸಂಖ್ಯೆ ಆರುನೂರು ಅಂಕಿಯದಾದರೂ ಇದು ಇಷ್ಟೇ ಸುಲಭ. ಒಂಟಿಯಾಗಿದ್ದಾಗ ಲೋಕವೇ ಒಡೆಯಲಾಗದ ಬೀಗ, ಅದರ ಒಂದು ಅವಿಭಾಜ್ಯ ಇನ್ನೊಂದು ಬೀಗದೊಳಗೂ ಇದ್ದರೆ ಏಳನೇ ಕ್ಲಾಸಿನ ಲೆಕ್ಕಕ್ಕೆ ತೆರೆದುಕೊಳ್ಳುತ್ತದೆ. ಎರಡೂ ಬೀಗ ಸರಿಯಿದ್ದರೆ ಮ.ಸಾ.ಅ. ಒಂದು ಬರಬೇಕು.

ನಸೀಮಾಳ ಪರದೆಯ ಮೇಲೆ ಇದ್ದದ್ದು ಮುನ್ನೂರು ಅಂಕಿಯ ಒಂದು ಸಂಖ್ಯೆ.

“ತಪ್ಪು ಟೈಪ್ ಮಾಡಿರಬೇಕು” ಎಂದೆ. ಬೇರೆ ಎರಡು ಬೀಗ ಹಾಕಿಸಿದೆ. ಅದೇ ಸಂಖ್ಯೆ ಬಂತು. ಅಂಕಿ ಅಂಕಿಯೂ ಅದೇ. ಅದನ್ನು ನನ್ನ ಪರೀಕ್ಷೆಗೆ ಕೊಟ್ಟೆ, ನಲವತ್ತು ಸಲ. ‘ಬಹುಶಃ ಅವಿಭಾಜ್ಯ’ ಎಂದು ಬಂದಾಗ ಕುರ್ಚಿಯ ಹಿಡಿ ಹಿಡಿದುಕೊಂಡೆ. ಕೆಲಸದಲ್ಲಿ ಎಷ್ಟೋ ಸಾವಿರ ಅವಿಭಾಜ್ಯಗಳನ್ನು ಹಾದುಹೋಗಿದ್ದರೂ ಅಂಕಿ ಅಂಕಿಯಾಗಿ ಕಣ್ಣಾರೆ ಓದಿದ್ದು ಅದೊಂದನ್ನೇ. ಓದಬಾರದಾಗಿದ್ದದ್ದೂ ಅದನ್ನೇ.

ಮಧ್ಯಾಹ್ನದೊಳಗೆ ತಿಳಿಯಿತು, ನಲವತ್ತೊಂದು ಪೆಟ್ಟಿಗೆಗಳಲ್ಲಿ ಮೂವತ್ತಾರರ ಒಳಗೆ ಆ ಒಂದೇ ಸಂಖ್ಯೆ. ಎರಡನೆಯ ಅವಿಭಾಜ್ಯ ಮಾತ್ರ ಬೇರೆ ಬೇರೆ. ಕಾರಣವೂ ಆಮೇಲೆ ಗೊತ್ತಾಯಿತು. ಹೊಚ್ಚ ಹೊಸ ಪೆಟ್ಟಿಗೆಗೆ ಗಡಿಯಾರವಿಲ್ಲ, ಮೌಸ್ ಇಲ್ಲ, ಹಿಂದಿನ ನೆನಪಿಲ್ಲ. ಕರೆಂಟು ಬಂದ ಕೂಡಲೆ ‘ಎಲ್ಲಿಂದಾದರೂ ಶುರು ಮಾಡು’ ಎಂದರೆ ಐದನ್ನು ಬಿಟ್ಟು ಉಳಿದ ಪೆಟ್ಟಿಗೆಗಳೆಲ್ಲ ಒಂದೇ ಕಡೆಯಿಂದ ಶುರು ಮಾಡಿದ್ದವು. ಮೊದಲ ಸಂಖ್ಯೆ ಸಿಗುವಷ್ಟರಲ್ಲಿ ಸೆನ್ಸರು ಬಿಸಿಯಾಗಿ, ಸಣ್ಣಪುಟ್ಟ ವ್ಯತ್ಯಾಸ ಹುಟ್ಟಿ, ಎರಡನೆಯದು ಬೇರೆಯಾಗುತ್ತಿತ್ತು.

ಆದರೆ ಅದು ಪೆಟ್ಟಿಗೆಯ ತಪ್ಪು. ನನ್ನ ತಪ್ಪು ಬೇರೆ. ಒಂದೊಂದು ಸಂಖ್ಯೆಯನ್ನೂ ‘ನೀನು ಅವಿಭಾಜ್ಯವೇ’ ಎಂದು ನಲವತ್ತು ಸಲ ಕೇಳಿದ್ದೆ. ‘ನೀನೂ ಪಕ್ಕದವನೂ ಬೇರೆಯೇ’ ಎಂದು ಒಂದು ಸಲವೂ ಕೇಳಿರಲಿಲ್ಲ. ಪೆಟ್ಟಿಗೆಯನ್ನು ತೆರೆಯುವುದೂ ಬೇಕಿರಲಿಲ್ಲ. ನಸೀಮಾ ಮಾಡಿದಂತೆ ಹೊರಗೆ ಕಾಣುವ ಬೀಗಗಳನ್ನೇ ಹೋಲಿಸಿದ್ದರೆ ಸಾಕಿತ್ತು.

ಸಮೀರ್ ಸರ್ ಕೇಳಿಸಿಕೊಂಡು ಎದ್ದು ಬಾಗಿಲು ಹಾಕಿದರು. “ಇದು ಯಾರ ಯಾರಿಗೆ ಗೊತ್ತು?”

“ನಮ್ಮಿಬ್ಬರಿಗೆ. ಈಗ ನಿಮಗೆ.”

“ಸರಿ. ಇನ್ನು ನಾಲ್ಕು ತಿಂಗಳಿಗೆ ಸರ್ವಿಸ್ ವಿಸಿಟ್ ಇದೆಯಲ್ಲ, ಆಗ ಅಪ್‌ಗ್ರೇಡ್ ಅಂತ ಹೇಳಿ ಎಲ್ಲ ಬದಲಾಯಿಸೋಣ. ಈಗ ಡಂಗುರ ಹೊಡೆದರೆ ಏನಾಗುತ್ತೆ ಯೋಚಿಸಿ. ಗೊತ್ತಿಲ್ಲದವರಿಗೂ ಗೊತ್ತಾಗುತ್ತೆ, ಆಗಲೇ ನಿಜವಾದ ಅಪಾಯ.”

ಆ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ನಾನು “ಸರಿ ಸರ್” ಎಂದೆ. ಈಗ ಇದನ್ನು ಓದುವ ಕಿರಿಯರು ನಾನು ಅಲ್ಲೇ ಎದುರು ನಿಂತೆ ಎಂದು ತಿಳಿಯಬಾರದು. ನಾನು ಸರಿ ಎಂದೇ ಹೊರಬಂದೆ.

ಎರಡು ದಿನ. ನಮ್ಮ ಮನೆ ಡೊಂಬಿವಲಿ ಪೂರ್ವದಲ್ಲಿ. ಗಾಳಿ ಎಂಐಡಿಸಿ ಕಡೆಯಿಂದ ಬೀಸಿದ ದಿನ ಕೊಳೆತ ಎಲೆಕೋಸಿನಂಥ, ಒಮ್ಮೊಮ್ಮೆ ಕಹಿ ಬಾದಾಮಿಯಂಥ ವಾಸನೆ ಬರುತ್ತದೆ. ಇಲ್ಲಿನವರು ಕಿಟಕಿ ಹಾಕಿ ಕೆಲಸ ಮುಂದುವರಿಸುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವಳು. ಆ ಎರಡು ದಿನ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದವಳು ಮೂಸುತ್ತ ನಿಂತುಬಿಡುತ್ತಿದ್ದೆ. ಯಾರೋ ಒಬ್ಬ, ಎಲ್ಲಿಯೋ ಕೂತು, ನಸೀಮಾ ಮಾಡಿದ ಲೆಕ್ಕವನ್ನೇ ಸುಮ್ಮನೆ ಮಾಡಿ ನೋಡಿದರೆ ಸಾಕು. ಅವನು ಪೆಟ್ಟಿಗೆಯ ಹೆಸರಿನಲ್ಲಿ ‘ಎಲ್ಲ ಸರಿಯಿದೆ’ ಎಂದು ವರದಿ ಕಳಿಸಬಹುದು. ಅನಿಲ ಸೋರುತ್ತಿರುತ್ತದೆ, ಪರದೆಯ ಮೇಲೆ ಹಸಿರು ದೀಪ ಉರಿಯುತ್ತಿರುತ್ತದೆ.

“ಎಂಥ ಆಗಿದೆ ನಿಂಗೆ? ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಿ” ಎಂದರು ಯಜಮಾನರು. ಹೇಳಿದೆ. ಎಂಐಡಿಸಿಯ ಎಷ್ಟೋ ಕೆಲಸಗಾರರು ಬೆಳಿಗ್ಗೆ ಅವರ ಹೋಟೆಲಿನಲ್ಲೇ ತಿಂಡಿ ತಿನ್ನುತ್ತಿದ್ದರು. “ಅವರ ಮುಖ ನೋಡಿ ಚಾ ಕೊಡ್ಲಿಕ್ಕೆ ನನಗೆ ಆಗ್ಲಿಕ್ಕಿಲ್ಲ” ಎಂದರು.

ಮೂರನೆಯ ದಿನ ಲೇಡೀಸ್ ಡಬ್ಬಿಯಲ್ಲಿ ನಸೀಮಾ ಮುಂಬ್ರಾದಲ್ಲಿ ಹತ್ತಿ, ನೂಕುನುಗ್ಗಲಿನಲ್ಲಿ ದಾರಿ ಮಾಡಿಕೊಂಡು ನನ್ನ ಪಕ್ಕಕ್ಕೆ ಬಂದಳು. ಸಾಮಾನ್ಯವಾಗಿ ಮಗಳ ಸುದ್ದಿ ಹೇಳುತ್ತಿದ್ದವಳು ಆ ದಿನ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ್ದು ಇಷ್ಟು:

“ನೀವು ಹೇಳಲಿಲ್ಲಂದ್ರ ನಾ ಹೇಳ್ತೀನ್ರಿ. ನೌಕರಿ ಹೋದ್ರ ಹೋಗ್ಲಿ. ಆದ್ರ ನನ್ನ ಮಾತು ಯಾರ್ ಕೇಳ್ತಾರ ಮ್ಯಾಡಮ್? ಸಹಿ ನಿಮ್ಮದೈತಿ.”

ಆಫೀಸಿಗೆ ಹೋಗಿ ಎರಡು ಪುಟ ಬರೆದೆ. ಏನಾಗಿದೆ, ಹೇಗೆ ಗೊತ್ತಾಯಿತು, ಯಾರು ಕಂಡುಹಿಡಿದದ್ದು, ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಬಿಟ್ಟುಹೋಗಿತ್ತು, ಬಿಟ್ಟವರು ಯಾರು. ಆ ಸಂಖ್ಯೆಯನ್ನು ಮಾತ್ರ ಬರೆಯಲಿಲ್ಲ. ಮೂವತ್ತಾರು ಪೆಟ್ಟಿಗೆಗಳಿರುವ ಎಲ್ಲ ಕಾರ್ಖಾನೆಗಳ ಸುರಕ್ಷಾ ಅಧಿಕಾರಿಗಳಿಗೆ ಕಳಿಸಿದೆ, ಸಮೀರ್ ಸರ್‌ಗೂ ಪ್ರತಿ ಹಾಕಿದೆ. ಕಳಿಸಿದ ಮೇಲೆ ಫೋನ್ ತೆಗೆದುಕೊಂಡು, ನನ್ನ ಮನೆಗೆ ಎಲ್ಲಕ್ಕಿಂತ ಹತ್ತಿರವಿದ್ದ ಕಾರ್ಖಾನೆಗೆ ಮೊದಲು ಮಾತಾಡಿದೆ. ಅಲ್ಲಿನ ಅಧಿಕಾರಿ ಕೋಟ್ಯಾನ್, ಮೂಲ್ಕಿ ಕಡೆಯವರು.

“ಸ್ವಲ್ಪ ಬಿಡಿಸಿ ಹೇಳಿ ಮೇಡಂ” ಎಂದರು. “ನಮ್ಮ ಪೆಟ್ಟಿಗೆ ಹಾಳಾಗಿದೆಯಾ?”

“ಹಾಳಾಗಿಲ್ಲ. ಆದ್ರೆ ಅದರ ಹೆಸರಲ್ಲಿ ಬೇರೆ ಯಾರಾದ್ರೂ ಸುಳ್ಳು ಹೇಳ್ಬಹುದು.”

“ಅಂದ್ರೆ ಗ್ಯಾಸ್ ಹೋಗ್ತಾ ಇದ್ರೂ ಇಲ್ಲಿ ಹಸಿರೇ ಕಾಣ್ಬಹುದು?”

“ಹೌದು.”

“ಎಷ್ಟು ಸಮಯದಿಂದ ಹೀಗೆ ಉಂಟು?”

“ಹಾಕಿದ ದಿನದಿಂದ.”

ಬೈಗುಳಕ್ಕೆ ಕಾದು ಕೂತೆ. “ನೀವು ಇರುವುದೆಲ್ಲಿ?” ಎಂದು ಕೇಳಿದರು.

“ನಿಮ್ಮ ಗೇಟಿಂದ ರಿಕ್ಷಾದಲ್ಲಿ ಹತ್ತು ನಿಮಿಷ.”

“ಹಾಗಾದ್ರೆ ನೀವು ಸುಳ್ಳು ಹೇಳ್ಲಿಕ್ಕಿಲ್ಲ. ಈಗಲೇ ಕೈಯಲ್ಲಿ ಹಿಡಿಯುವ ಗ್ಯಾಸ್ ಮೀಟರ್ ಕೊಟ್ಟು ಜನ ನಿಲ್ಲಿಸ್ತೇನೆ” ಎಂದು ಫೋನ್ ಇಟ್ಟರು.

ಸಮೀರ್ ಸರ್ ಕೂಗಾಡಲಿಲ್ಲ. “ನನಗೆ ಒಂದು ಮಾತು ಹೇಳಿ ಕಳಿಸಬಹುದಿತ್ತು” ಎಂದರು. ಅದು ನಿಜ. ಆದರೆ ಹೇಳಿದ್ದರೆ ಅವರು ಇನ್ನೊಂದು ಸಲ ಬೇಡ ಎನ್ನುತ್ತಿದ್ದರು, ನಾನು ಇನ್ನೊಂದು ಸಲ ಸರಿ ಸರ್ ಎನ್ನುತ್ತಿದ್ದೆನೋ ಏನೋ. ಸಹಿ ಹಾಕುವ ಅಧಿಕಾರವನ್ನು ನನ್ನಿಂದ ತೆಗೆದರು. ಕೈಪಿಡಿಗಳನ್ನು ಬರೆಯುವ ಮೇಜಿಗೆ ಹಾಕಿದರು. ನಸೀಮಾಳ ಕಾಂಟ್ರಾಕ್ಟು ಉಳಿಯಿತು. ಅದಕ್ಕಾಗಿ ಎರಡು ಸಲ ಸಮೀರ್ ಸರ್ ಹತ್ತಿರ ಹೋಗಿ ಕೈಮುಗಿದದ್ದನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ. ಓದಿದರೆ ಬೈಯುತ್ತಾಳೆ.

ಎಷ್ಟೋ ಕಾರ್ಖಾನೆಯವರು ಕೇಳಿದರು: ಈ ಹದಿನೆಂಟು ತಿಂಗಳಲ್ಲಿ ಯಾರಾದರೂ ಸುಳ್ಳು ವರದಿ ಕಳಿಸಿದ್ದಾರೆಯೇ? ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದೆವು. ಉತ್ತರ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಕೀಲಿಕೈ ಒಂದೇ ಆದ ಮೇಲೆ ಕಳ್ಳ ತೆರೆದದ್ದಕ್ಕೂ ಒಡೆಯ ತೆರೆದದ್ದಕ್ಕೂ ಗುರುತಿನಲ್ಲಿ ಭೇದವಿರುವುದಿಲ್ಲ. ಈ ಕೆಲಸಕ್ಕೆ ಬರುವವರು ಇದೊಂದನ್ನು ಗಟ್ಟಿಯಾಗಿ ತಿಳಿದಿರಬೇಕು. ಸೇತುವೆ ಕಟ್ಟುವವನ ತಪ್ಪು ಬಿರುಕಾಗಿ ಕಾಣುತ್ತದೆ. ನಮ್ಮ ತಪ್ಪು ಕಾಣುವುದೇ ಇಲ್ಲ.

ಐದಾರು ವಾರ ಹಿಡಿಯಿತು. ಮೂವತ್ತೈದು ಪೆಟ್ಟಿಗೆ ವಾಪಸು ಬಂದವು. ಒಂದು ಮಾತ್ರ ಬರಲಿಲ್ಲ. ಕಲ್ಯಾಣದ ಕಡೆಯ ಒಂದು ಕಾರ್ಖಾನೆ ಮುಚ್ಚಿಹೋಗಿ, ಯಂತ್ರಗಳನ್ನೆಲ್ಲ ಒಟ್ಟಿಗೆ ಮಾರಿಬಿಟ್ಟಿದ್ದರು. ಕೊಂಡವನು ಯಾರಿಗೆ ಕೊಟ್ಟನೋ ಅವನಿಗೇ ನೆನಪಿಲ್ಲ. ನಸೀಮಾಳೂ ನಾನೂ ಭಾನುವಾರಗಳಂದು ಮುಂಬ್ರಾ ಆಚೆಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆವು. ಪೆಟ್ಟಿಗೆಯ ಫೋಟೋ ತೋರಿಸಿದರೆ ಅಂಗಡಿಯವರು ತಲೆಯಾಡಿಸುತ್ತಿದ್ದರು. ಒಡೆದು ಪುಡಿಯಾಗಿ ತಾಮ್ರದ ಜೊತೆ ಕರಗಿಹೋಗಿದ್ದರೆ ಎಷ್ಟು ಚೆನ್ನ ಎಂದು ಆಸೆಪಟ್ಟೆ. ಹಾಗೆ ಆಸೆಪಡುತ್ತ ಎರಡು ತಿಂಗಳು ಕಳೆದೆ. ಅಷ್ಟರಲ್ಲಿ ಬಿಡಿಭಾಗ ವಿಭಾಗಕ್ಕೆ ಒಂದು ಫೋನ್ ಬಂತು: ಅನಿಲ ಪೆಟ್ಟಿಗೆಯ ಸೆನ್ಸರು ಹಳೆಯದಾಗಿದೆ, ಹೊಸದು ಬೇಕು. ಪೆಟ್ಟಿಗೆಯ ನಂಬರು ಬರೆದುಕೊಂಡ ಚೀಟಿಯನ್ನು ನಸೀಮಾ ನೋಡಿದಳು. ಅದೇ.

ತುರ್ಭೆಯಲ್ಲಿ ಒಂದು ಸಣ್ಣ ಶೀತಲಗೃಹ. ತರಕಾರಿ, ಬಟಾಣಿ ಇಡುವ ಜಾಗ. ತಂಪು ಮಾಡಲು ಅಮೋನಿಯಾ ಅನಿಲ ಓಡಿಸುತ್ತಾರೆ. ಪೆಟ್ಟಿಗೆಯನ್ನು ಸೆಕೆಂಡ್‌ಹ್ಯಾಂಡ್ ತಂದು ಗೋಡೆಗೆ ಹಾಕಿದ್ದರು, ವರದಿ ನೇರವಾಗಿ ಮೇಲ್ವಿಚಾರಕ ಪಾಟೀಲರ ಮೊಬೈಲಿಗೆ ಹೋಗುತ್ತಿತ್ತು. ನಾವಿಬ್ಬರೂ ಹೊಸ ಪೆಟ್ಟಿಗೆ ಹೊತ್ತುಕೊಂಡು ಹೋದೆವು. ಒಳಗೆ ಸ್ವೆಟರ್ ಹಾಕಿಕೊಂಡು ತಲೆಗೆ ಬಟ್ಟೆ ಸುತ್ತಿದ ಹೆಂಗಸರು ಬಟಾಣಿ ಆರಿಸುತ್ತ ಕೂತಿದ್ದರು. ಪಾಟೀಲರು ಎಲ್ಲ ಕೇಳಿ, “ಬದಲಾಯಿಸಿ. ಆದರೆ ಇಷ್ಟು ದಿನ ಇದನ್ನು ಯಾರೂ ಮುಟ್ಟಿಲ್ಲ, ವರದಿಯೆಲ್ಲ ಸರಿಯಿತ್ತು ಅಂತ ಒಂದು ಕಾಗದ ಬರೆದುಕೊಡಿ. ನಮ್ಮ ಮಾಲೀಕರಿಗೆ ತೋರಿಸಬೇಕು” ಎಂದರು.

“ಬರೆದುಕೊಡಲು ಆಗುವುದಿಲ್ಲ. ಅದು ನನಗೆ ಗೊತ್ತಿಲ್ಲ.”

“ನಿಮಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ.”

ಅವರ ಮುಖ ಕೆಂಪಾಯಿತು. ಹೊಸ ಪೆಟ್ಟಿಗೆಯ ಸೆನ್ಸರು ಹದಕ್ಕೆ ಬರಲು ನಾಲ್ಕು ಗಂಟೆ ಬೇಕು, ಅಷ್ಟು ಹೊತ್ತು ಒಳಗೆ ಯಾರೂ ಇರಬಾರದು ಎಂದಳು ನಸೀಮಾ. ಪಾಟೀಲರು ಏನೋ ಗೊಣಗಿದರು, ಆದರೆ ಬಾಗಿಲಿಗೆ ಹೋಗಿ ಸೀಟಿ ಊದಿದರು. ಹೆಂಗಸರೆಲ್ಲ ಹೊರಬಂದು ಎದುರಿನ ಕಾಂಪೌಂಡಿನ ನೆರಳಿನಲ್ಲಿ ಕೂತರು. ನನಗೆ ಒಳಗೆ ಮಾಡುವ ಕೆಲಸವಿರಲಿಲ್ಲ. ಹೋಗಿ ಅವರ ಸಾಲಿನ ತುದಿಯಲ್ಲಿ ಕೂತೆ.

ಪಕ್ಕದಲ್ಲಿದ್ದವಳು ಸುಮಾರು ನನ್ನದೇ ವಯಸ್ಸಿನವಳು. ಕೈಬೆರಳುಗಳು ಚಳಿಗೆ ಊದಿಕೊಂಡಿದ್ದವು. “ತಾಯಿ, ಆ ಡಬ್ಬಿಯಲ್ಲಿ ಏನು ಕೆಟ್ಟಿದೆ?” ಎಂದು ಮರಾಠಿಯಲ್ಲಿ ಕೇಳಿದಳು.

“ಅದರೊಳಗೆ ಒಂದು ದೊಡ್ಡ ಸಂಖ್ಯೆ ಇದೆ. ಒಂದೊಂದು ಡಬ್ಬಿಗೆ ಒಂದೊಂದು ಸಂಖ್ಯೆ ಇರಬೇಕಿತ್ತು. ಎಲ್ಲದಕ್ಕೂ ಒಂದೇ ಹೋಗಿದೆ.”

“ನೋಡದೆ ಕಳಿಸಿದವರು ಯಾರು?”

“ನಾನು.”

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ಸಾಲಿನಲ್ಲಿ ಕೂತಿದ್ದ, ಒಳಗೆ ತನ್ನ ಜೊತೆ ಕೆಲಸ ಮಾಡುವ ಹುಡುಗಿಯರನ್ನು ನೋಡಿದಳು. ಬಿಸಿಲು ಸರಿದಂತೆ ನೆರಳು ಚಿಕ್ಕದಾಯಿತು, ಎಲ್ಲರೂ ಗೋಡೆಗೆ ಒತ್ತಿಕೊಂಡು ಕೂತೆವು. ಮೂರು ಗಂಟೆಗೆ ನಸೀಮಾ ಒಳಗಿನಿಂದ ಸೈರನ್ನು ಪರೀಕ್ಷೆಗೆ ಕೂಗಿಸಿದಳು. ಎಲ್ಲರೂ ಬೆಚ್ಚಿ ಎದ್ದು ನಿಂತರು. ಆಮೇಲೆ ಅವಳು ಬಾಗಿಲಿಗೆ ಬಂದು ಹೆಬ್ಬೆರಳು ಎತ್ತಿ ತೋರಿಸಿದಳು.

ಹೆಂಗಸರು ಸೆರಗು ಕೊಡವಿಕೊಂಡು ಒಬ್ಬೊಬ್ಬರಾಗಿ ಒಳಗೆ ಹೋಗತೊಡಗಿದರು. ಪಕ್ಕದವಳು ಮಾತ್ರ ನಿಂತಳು.

“ನೀವೂ ಒಳಗೆ ಬನ್ನಿ” ಎಂದಳು. “ಸ್ವಲ್ಪ ಹೊತ್ತು ನಮ್ಮ ಜೊತೆ ಕೂರಿ. ಆಮೇಲೆ ಹೋಗಿ.”

ನಾನು ಎದ್ದು ಅವಳ ಹಿಂದೆ ಹೋದೆ. ಯಾರೋ ಒಂದು ಹಳೆಯ ಸ್ವೆಟರ್ ಕೊಟ್ಟರು. ಐದೂವರೆಗೆ ಪಾಳಿ ಮುಗಿಯುವ ತನಕ ಬಟಾಣಿ ಆರಿಸುತ್ತ ಕೂತಿದ್ದೆ.